ಚರಂಡಿ ದಾಟುವ ಹಾಡು

ಆರ್ಸೆನ್ ದುವೆರ್ನೆ ಗಾರೆ ಕೆಲಸದವನು. ವಾರವೆಲ್ಲ ನ್ಯೂ ಆರ್ಲಿಯನ್ಸಿನ ಬಿಳಿಯರ ಮನೆಗಳಿಗೆ ಗಾರೆ ಮೆತ್ತುವುದು, ಭಾನುವಾರ ಕೈ ತಿಕ್ಕಿ ತೊಳೆದು ಕಾರ್ನೆಟ್ ತುತ್ತೂರಿ ಹಿಡಿಯುವುದು. ಕರಿಯರ ಸಂಘದಲ್ಲಿ ಯಾರಾದರೂ ತೀರಿಕೊಂಡರೆ ಸ್ಮಶಾನಕ್ಕೆ ಹೋಗುವಾಗ ಅಳುವ ಹಾಡು, ಮಣ್ಣು ಮಾಡಿ ಬರುವಾಗ ಕುಣಿಯುವ ಹಾಡು. ಎರಡಕ್ಕೂ ಅವನ ಮೇಳವೇ ಬೇಕು.

ಬರುವಾಗಿನ ಹಾಡೊಂದನ್ನು ಅವನೇ ಕಟ್ಟಿದ್ದ. ಆಗ ಬೀದಿಯ ಮೂಲೆ ಮೂಲೆಗೂ ತೆರೆದ ಚರಂಡಿ, ಅದರ ಮೇಲೆ ಅಲ್ಲಾಡುವ ಹಲಗೆ. ಬಾಯಲ್ಲಿ ತುತ್ತೂರಿ ಇಟ್ಟುಕೊಂಡೇ ಹಲಗೆ ದಾಟಲು ಹೋಗಿ ಆರ್ಸೆನ್ ಒಂದು ಹಲ್ಲು ಕಳೆದುಕೊಂಡ. ಅದಕ್ಕೇ ಈ ಹಾಡಿನ ಒಂದು ಸುತ್ತನ್ನು ಸರಿಯಾಗಿ ಒಂದು ಬೀದಿಯ ಉದ್ದಕ್ಕೆ ಹೊಂದಿಸಿ, ಕೊನೆಗೆ ಎರಡು ಹೆಜ್ಜೆಯಷ್ಟು ಜಾಗ ಖಾಲಿ ಬಿಟ್ಟ. ಇಡೀ ಮೇಳ ಗಪ್ಪೆನ್ನಬೇಕು, ಹಲಗೆ ಟಪ್ ಟಪ್ ಅನ್ನಬೇಕು, ಮತ್ತೆ ಹಾಡು ಭೋರ್ಗರೆಯಬೇಕು.

ಬೀದಿ ಬದಿಯಲ್ಲಿ ನಿಂತು ಕೇಳಿದ್ದ ಬಿಳಿಯರ ಮೇಳವೊಂದು ಷಿಕಾಗೊಗೆ ಹೋಗಿ, ಆ ಖಾಲಿ ಜಾಗವನ್ನೂ ಸೇರಿಸಿ, ಅದನ್ನು ಗ್ರಾಮಫೋನ್ ಪ್ಲೇಟು ಮಾಡಿತು. ಪ್ಲೇಟಿನ ಮೇಲೆ ಹಾಡು ಕಟ್ಟಿದವನೆಂದು ತನ್ನ ನಾಯಕನ ಹೆಸರು ಹಾಕಿಕೊಂಡಿತು. ಆರ್ಸೆನ್‌ನ ಹೆಂಡತಿ ಕ್ಲೋಟಿಲ್ಡ್ ಅದನ್ನು ಕೇಳಿ, "ಕುರ್ಚಿ ಮೇಲೆ ಕೂತ್ಕೊಂಡು ಯಾವ ಚರಂಡಿ ದಾಟ್ತಿದಾರೆ ಇವ್ರು?" ಎಂದಳು.

ಮೂವತ್ತೈದು ವರ್ಷ ಕಳೆದವು. ವಿಟ್ಕಾಂ ಎಂಬ ಬಿಳಿಯನೊಬ್ಬ ಧ್ವನಿಮುದ್ರಣದ ಪೆಟ್ಟಿಗೆ ಹೊತ್ತು ಬಂದ. ಹಳೆಯ ಪ್ಲೇಟುಗಳನ್ನು ಅವನ ಕಂಪನಿ ಮತ್ತೆ ಹೊರತರುತ್ತಿತ್ತು. ಜೊತೆಗೊಂದು ಕಿರುಪುಸ್ತಕ, ಅದರಲ್ಲಿ ಹಾಡು ಕಟ್ಟಿದವರ ನಿಜವಾದ ಹೆಸರು ಹಾಕುತ್ತಾರಂತೆ. ಸಾಯುವ ಮೊದಲು ತನ್ನ ಹೆಸರನ್ನು ಅಚ್ಚಿನಲ್ಲಿ ಕಾಣಬೇಕೆಂಬುದೊಂದೇ ಆರ್ಸೆನ್‌ಗಿದ್ದ ಆಸೆ.

"ಬರೆದಿಟ್ಟ ಕಾಗದ ಏನಾದ್ರೂ ಇದೆಯಾ?" ವಿಟ್ಕಾಂ ಕೇಳಿದ.

"ಇಲ್ಲ ಸಾರ್. ಬರೆದಿಟ್ರೆ ಯಾರಾದ್ರೂ ಕದೀತಾರೆ ಅಂತ ಬರೀಲಿಲ್ಲ."

ಒಲೆಯ ಮುಂದಿದ್ದ ಕ್ಲೋಟಿಲ್ಡ್ ನಕ್ಕಳು. "ಚೆನ್ನಾಗಿ ಕಾಪಾಡ್ಕೊಂಡೆ ಬಿಡು, ಮುದುಕ!"

ಆರ್ಸೆನ್ ಅವನನ್ನು ಬೀದಿಗೆ ಕರೆದೊಯ್ದ. ಹಾಡು ಗುನುಗುತ್ತಾ ನಡೆದ. ಸುತ್ತು ಮುಗಿದಲ್ಲೇ ಮೂಲೆ ಬಂತು, ಎರಡು ಹೆಜ್ಜೆ ಬಾಯಿ ಮುಚ್ಚಿದ. ಚರಂಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಕಾಲ ಕೆಳಗೆ ನುಣುಪಾದ ಸಿಮೆಂಟು. ವಿಟ್ಕಾಂ ಮೂರು ಬೀದಿ ಜೊತೆಯಲ್ಲೇ ನಡೆದ. "ನನಗೆ ನಂಬಿಕೆ ಬಂತು. ಕಂಪನಿಗೆ ಹೇಳ್ತೀನಿ," ಎಂದ. ಹೇಳಿಯೂ ಇರಬಹುದು.

ಪುಸ್ತಕ ಬಂತು. ಕ್ಲೋಟಿಲ್ಡ್ ಓದಿದಳು: "ಹಳೆಯ ಬೀದಿ ಹಾಡು. ಕಟ್ಟಿದವರು ಯಾರೋ ತಿಳಿಯದು. ಸೊಗಸಾದ ಆ ಮೌನ ಮಾತ್ರ ಪ್ಲೇಟು ಮಾಡಿದ ಮೇಳದ ನಾಯಕರ ಕಲ್ಪನೆ."

"ಇನ್ನೊಂದ್ಸಲ ಓದು."

"ಬೇಡ. ಊಟ ಆರ್ತಿದೆ, ಏಳು."

ಮುಂದಿನ ಮಾರ್ಚಿನಲ್ಲಿ ಆರ್ಸೆನ್ ತೀರಿಕೊಂಡ. ಮಣ್ಣು ಮಾಡಿ ಬರುವಾಗ ಮೇಳ ಅವನ ಹಾಡನ್ನೇ ಎತ್ತಿಕೊಂಡಿತು. ಮೊದಲ ಮೂಲೆಯಲ್ಲಿ ಎಲ್ಲರೂ ಗಪ್ಪೆಂದರು, ಬೇರೆ ಊರಿನಿಂದ ಬಂದ ಡೋಲಿನವನೊಬ್ಬ ಮಾತ್ರ ಬಾರಿಸುತ್ತಲೇ ಹೋದ. ಕ್ಲೋಟಿಲ್ಡ್ ಹಿಂದಿನಿಂದ ಅವನ ಬೆನ್ನಿಗೆ ಕೊಡೆಯಲ್ಲಿ ತಿವಿದಳು.

"ಚರಂಡಿ ಕಾಣ್ಸಲ್ವೇನೋ ನಿಂಗೆ?"

ಅವನು ನೆಲ ನೋಡಿದ. "ಎಲ್ಲಿದೆ ಅಜ್ಜಿ?"

"ಆರ್ಸೆನ್ ಇಟ್ಟ ಕಡೇಲೇ ಇದೆ. ಮುಂದಿನ ಮೂಲೇಲಿ ಕಾಲೆತ್ತಿ ದಾಟು."

ಮುಂದಿನ ಮೂಲೆ ಬಂತು. ಮೇಳದವರು ತುತ್ತೂರಿಗಳನ್ನು ತುಟಿಯಿಂದ ಇಳಿಸಿದರು. ಡೋಲಿನವನು ಕೋಲು ಮೇಲೆತ್ತಿ ಹಿಡಿದು, ಸಿಮೆಂಟಿನ ಮೇಲೆ ಎಚ್ಚರಿಕೆಯಿಂದ ಎರಡು ಹೆಜ್ಜೆ ಇಟ್ಟ.