ನಿಜಗುಣಪ್ಪನವರು ಇಟ್ಟ ಮೂರನೆಯ ಟ್ಯಾಂಕು

ಯರಗಟ್ಟಿಯ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಿ ನಳದ ಕೆಲಸದ ನಿಜಗುಣಪ್ಪನವರ ಬಗ್ಗೆ ಒಂದು ಮಾತು ಓಡಾಡುತ್ತಿದೆ: ಯಮುನಾಬಾಯಿಯವರ ಕಣ್ಣು ತಪ್ಪಿಸಿ, ಅವರ ದೇವರ ನೀರಿನ ಟ್ಯಾಂಕಿಗೇ ಪಾಯಖಾನೆಯ ಪೈಪು ಜೋಡಿಸಿ, ಆ ಮುದುಕಿಯ ಮಡಿ ಕೆಡಿಸಿದರಂತೆ. ಯಮುನಾಬಾಯಿ ನನ್ನ ಅಜ್ಜಿ. ಮಾತು ಸುಳ್ಳು. ಹಾಗೆ ಜೋಡಿಸಲು ಹೇಳಿದವರು ನನ್ನ ತಂದೆ ವೆಂಕಣ್ಣ. ಒಪ್ಪದೆ ನಿಂತವರು ನಿಜಗುಣಪ್ಪ.

ಮೂರು ವರ್ಷದ ಹಿಂದೆ ಅಜ್ಜಿಯ ಮಂಡಿನೋವಿಗಾಗಿ ಮನೆಯೊಳಗೇ ಕಮೋಡು, ಫ್ಲಶ್ ಇರುವ ಪಾಯಖಾನೆ ಕಟ್ಟಿಸಿದೆವು. ಅಜ್ಜಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅಡುಗೆಗೂ ದೇವರಿಗೂ ನೀರು ಕೊಡುವ ಮಾಳಿಗೆಯ ಟ್ಯಾಂಕಿನಿಂದ ಅದಕ್ಕೆ ಹನಿ ನೀರೂ ಹೋಗಕೂಡದು. ಆದ್ದರಿಂದ ಹಿತ್ತಲಿಗೆ ಅಂಟಿದ ನಮ್ಮ ಮೂರಂತಸ್ತಿನ ಅಂಗಡಿ ಕಟ್ಟಡದ ತುದಿಯ ಟ್ಯಾಂಕಿನಿಂದ ಬೇರೆ ಪೈಪು ಇಳಿಸಲಾಯಿತು. ಅಂದಿನಿಂದ ಫ್ಲಶ್ ಮಾಡಿದಾಗಲೆಲ್ಲ ಗೋಡೆ ಊಳಿಡತೊಡಗಿತು. ಆ ಸದ್ದು ದೇವರ ಕೋಣೆಯನ್ನು ದಾಟಿ ಅಂಗಡಿಗಳವರೆಗೂ ಕೇಳುತ್ತಿತ್ತು. ಇಬ್ಬರು ನಳದವರು ಬಂದು ವಾಷರ್ ಬದಲಿಸಿದರು. ತಿಂಗಳೊಳಗೆ ಮತ್ತೆ ಅದೇ.

ಅಜ್ಜಿ ದೂರಲಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರು, ಅಷ್ಟೆ. ತಾವು ಒಳಗೆ ಹೋದದ್ದನ್ನು ಓಣಿಗೆಲ್ಲ ಸಾರುವುದಕ್ಕಿಂತ ಬಾಯಾರಿಕೆಯನ್ನು ಸಹಿಸಿಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಎರಡು ಸಲ ಉರಿಮೂತ್ರ, ಜ್ವರ. ಎರಡನೆಯ ಸಲ ಆಸ್ಪತ್ರೆಯಲ್ಲಿ ನಾಲ್ಕು ದಿನ. ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ ವಾರವೇ ನನ್ನ ತಾಯಿ ಪದ್ಮಜಾ ಮುನವಳ್ಳಿಯಿಂದ ನಿಜಗುಣಪ್ಪನವರನ್ನು ಕರೆಸಿದರು.

ಅವರು ಇಪ್ಪತ್ತು ವರ್ಷ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಹೊಲದ ಪಂಪ್‌ಸೆಟ್ಟುಗಳನ್ನು ದುರಸ್ತಿ ಮಾಡಿದವರು. ಮೋಟಾರು ಬಿಚ್ಚುವ ಮೊದಲು ಅದರ ಸದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದು ಅಲ್ಲಿ ಕಲಿತ ಅಭ್ಯಾಸ. ಮನೆಮನೆಯೊಳಗೆ ಪಾಯಖಾನೆ ಬಂದ ಮೇಲೆ ನಳದ ಕೆಲಸಕ್ಕೆ ಹೊರಳಿದರು. ಅಭ್ಯಾಸವೂ ಜೊತೆಗೆ ಬಂತು. ಚೀಲ ತೆರೆಯುವ ಮುನ್ನ ಮನೆಯವರನ್ನೆಲ್ಲ ಕೂರಿಸಿ, ಸದ್ದನ್ನು ಮಾಡಿ ತೋರಿಸಿರೆಂದು ಕೇಳುತ್ತಾರೆ. ತಂದೆ ಹಾವಿನಂತೆ ಬುಸುಗುಟ್ಟಿದರು. ತಾಯಿ ಮೇಜು ಬಡಿದರು. ಅಜ್ಜಿ ಮುಖ ತಿರುಗಿಸಿ ಕುಳಿತಿದ್ದರು.

“ಯಮ್ಮಾ, ನೀವು ಮಾಡಿ ತೋರಸ್ರಿ. ಇವರದು ನಂಬೂ ಹಂಗಿಲ್ಲ,” ಎಂದರು ನಿಜಗುಣಪ್ಪ.

“ಈ ವಯಸ್ಸಿನ್ಯಾಗ ನನ್ನ ಕೈಲೆ ಕ್ವಾಣ ಒದರಿಸ್ತೀಯೇನೋ?”

“ಎಂಥಾ ಕ್ವಾಣರೀ? ಹಸದದ್ದೋ, ಸಿಟ್ಟಿಗೆದ್ದದ್ದೋ?”

ಅಜ್ಜಿ ನಗು ತಡೆಯಲಾರದೆ ಮಾಡಿ ತೋರಿಸಿದರು: ಸಣ್ಣಗೆ ಶುರುವಾಗಿ, ಏರುತ್ತ ಹೋಗಿ, ಥಟ್ಟನೆ ನಿಂತುಬಿಡುವ ಕೂಗು.

ನಿಜಗುಣಪ್ಪನವರಿಗೆ ಅಷ್ಟು ಸಾಕಾಯಿತು. ಬಡಿತವಾಗಿದ್ದರೆ ಪೈಪು ಸಡಿಲ, ಬುಸುಗುಟ್ಟಿದ್ದರೆ ಸೋರಿಕೆ. ಹೀಗೆ ಏರಿ ನಿಲ್ಲುವ ಕೂಗೆಂದರೆ, ಫ್ಲಶ್ ತೊಟ್ಟಿ ತುಂಬುವ ಹೊತ್ತಿಗೆ ಮುಚ್ಚಿಕೊಳ್ಳಬೇಕಾದ ವಾಲ್ವು ನೀರಿನ ಒತ್ತಡಕ್ಕೆ ನಡುಗುತ್ತಿದೆ ಎಂದರು. ತೊಟ್ಟಿಗೆ ನೀರು ಬಿಡುವ ಕೆಳಗಿನ ನಳವನ್ನು ಅರ್ಧ ಮುಚ್ಚಿ ಫ್ಲಶ್ ಮಾಡಿಸಿದರು. ಕೂಗು ಅಡಗಿತು, ಆದರೆ ತೊಟ್ಟಿ ತುಂಬಲು ಕಾಲು ಗಂಟೆ ಹಿಡಿಯಿತು. ವಾಷರಿನ ತಪ್ಪಿರಲಿಲ್ಲ. ಒಂದಂತಸ್ತಿನ ನೀರಿಗೆ ಮಾಡಿದ ವಾಲ್ವಿನ ಮೇಲೆ ನಾವು ಮೂರಂತಸ್ತಿನ ನೀರನ್ನು ಹೇರಿದ್ದೆವು.

ತಂದೆ ಅವರನ್ನು ಮಾಳಿಗೆಗೆ ಕರೆದೊಯ್ದು ದೇವರ ನೀರಿನ ಟ್ಯಾಂಕನ್ನು ತೋರಿಸಿದರು. “ಇದಕ್ಕ ಜೋಡಿಸಿಬಿಡು. ಅವ್ವಗ ಗೊತ್ತಾಗೂದಿಲ್ಲ. ಜೀವ ಉಳದ್ರ ಸಾಕು.” ಪಕ್ಕದ ಕಟ್ಟಡದ ಮೆಟ್ಟಿಲ ಮೇಲಿದ್ದ ನಮ್ಮ ಬಾಡಿಗೆಯ ಅಂಗಡಿಯವರು ಇಷ್ಟನ್ನು ಕೇಳಿ ಕೆಳಗಿಳಿದು ಹೋದರು. ಉತ್ತರವನ್ನು ಕೇಳಿಸಿಕೊಂಡವರು ತಂದೆಯೊಬ್ಬರೇ.

“ಗೊತ್ತಾಗೂದಿಲ್ರಿ, ಖರೆ. ಆದ್ರ ಆಮ್ಯಾಲೆ ‘ನೀರು ಕುಡೀರಿ ಯಮ್ಮಾ’ ಅಂತ ಯಾವ ಮಾರಿ ಇಟ್ಕೊಂಡು ಹೇಳ್ಲಿ?”

ಮರುದಿನ ಅವರು ಅದೇ ಮಾಳಿಗೆಯ ಇನ್ನೊಂದು ಮೂಲೆಯಲ್ಲಿ ಇಟ್ಟಿಗೆಯ ಕಟ್ಟೆ ಕಟ್ಟಿ ಚಿಕ್ಕದೊಂದು ಟ್ಯಾಂಕು ಇಟ್ಟರು. ಅಂಗಡಿ ಕಟ್ಟಡದ ನೀರು ಮೊದಲು ಅದರೊಳಗೆ ಇಳಿದು, ಎತ್ತರದ ಒತ್ತಡ ಕಳೆದುಕೊಂಡು, ಬಳಿಕ ಪಾಯಖಾನೆಗೆ ಹೋಗುವಂತಾಯಿತು. ಮಂಡಿನೋವಿನಿಂದ ಅಜ್ಜಿ ಮೇಲೆ ಹತ್ತಲಾರರು. ಅದಕ್ಕಾಗಿ ನಿಜಗುಣಪ್ಪ ಚಿಕ್ಕ ಟ್ಯಾಂಕಿನಲ್ಲಿ ಎರಡು ಮುಷ್ಟಿ ಅರಿಶಿನ ಕದಡಿ ಬಂದರು. ಫ್ಲಶ್ಶಿನಲ್ಲಿ ಹಳದಿ ನೀರು ಬಂತು. ಅಡುಗೆಮನೆಯ ನಳದಲ್ಲಿ ತಿಳಿನೀರು. ಅಜ್ಜಿ ಎರಡನ್ನೂ ನೋಡಿದರು. ತಾವೇ ಇನ್ನೊಮ್ಮೆ ಫ್ಲಶ್ ಮಾಡಿ, ತೊಟ್ಟಿ ತುಂಬಿ ನಿಲ್ಲುವವರೆಗೂ ಬಾಗಿಲ ಚೌಕಟ್ಟು ಹಿಡಿದು ಕಾದರು. ಕೂಗು ಬರಲಿಲ್ಲ.

“ಪದ್ಮಜಾ, ಒಂದು ತಂಬಗಿ ನೀರು ತಾ,” ಎಂದರು.

ಮಡಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಅಜ್ಜಿಯ ನಂಬಿಕೆಯನ್ನು ತಿದ್ದಲು ಹೋಗದೆ, ವಂಚಿಸಲೂ ಒಪ್ಪದೆ, ಅದಕ್ಕೊಂದು ಇಟ್ಟಿಗೆಯ ಕಟ್ಟೆ ಕಟ್ಟಿಕೊಟ್ಟ ಆ ಮನುಷ್ಯನನ್ನು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ. ತಂದೆ ತಾವು ಆಡಿದ್ದನ್ನು ಅಜ್ಜಿಯೆದುರೂ ಅಂಗಡಿಯವರೆದುರೂ ಒಪ್ಪಿಕೊಂಡಿದ್ದಾರೆ. ಅಜ್ಜಿ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಊಟಕ್ಕೆ ಕರೆದರು. ಅಂಗಡಿಯವರಲ್ಲಿ ಕೆಲವರು ನಂಬಿದ್ದಾರೆ.

ಅಜ್ಜಿಗೆ ಈಗ ಎಂಬತ್ತೆರಡು. ಹದಿನಾಲ್ಕು ತಿಂಗಳಿಂದ ಜ್ವರ ಬಂದಿಲ್ಲ. ದಿನಕ್ಕೆ ನಾಲ್ಕು ತಂಬಿಗೆ ನೀರು ಕುಡಿಯುತ್ತಾರೆ. ನಮ್ಮ ಮಾಳಿಗೆಯ ಮೇಲೆ ಎರಡು ಟ್ಯಾಂಕುಗಳಿವೆ. ಅವುಗಳ ನಡುವೆ ಯಾವ ಪೈಪೂ ಇಲ್ಲ.