ಅವಿರೋಧ ಆಯ್ಕೆ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಬಾರ್ಲಿ ಹುರಿಯುವಾಗ ಸ್ವಲ್ಪ ಸೀದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಮಾನಿನ ಸಲಾಲಾದ ನಮ್ಮ ಹಳೆ ಮನೆಯ ಎದುರು ಫ್ಲ್ಯಾಟು ನೆನಪಾಯಿತು...

ಅಲ್ಲಿ ಕೊರಿಯಾದವರೊಬ್ಬರಿದ್ದರು. ನಮ್ಮ ಕಂಪನಿಯಲ್ಲೇ ಕ್ರೇನ್ ಎಂಜಿನಿಯರ್, ನನಗಿಂತ ಬಹಳ ಹಿರಿಯರು, ಒಂಟಿ ಜೀವ. ಹುರಿದ ಬಾರ್ಲಿಯ ಕಷಾಯ ಕುಡಿಯುತ್ತ, ಕಂಡಕಂಡವರನ್ನು ಪ್ರಶ್ನೆ ಕೇಳುತ್ತ, ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನಾನು ಮೊದಲೇ ಅನುಮಾನದ ಪ್ರಾಣಿ. ಈ ಆಸಾಮಿ ಮ್ಯಾನೇಜರಿಗೆ ಸುದ್ದಿ ಮುಟ್ಟಿಸುವವನೇ ಸೈ ಅಂತ ತೀರ್ಮಾನಿಸಿಬಿಟ್ಟಿದ್ದೆ.

ಆದರೂ ಸಂಜೆ ಹರಟೆ ಬಿಡುತ್ತಿರಲಿಲ್ಲ. ಮಾತೆಲ್ಲ ಇಬ್ಬರ ಹರಕು ಇಂಗ್ಲಿಷಿನಲ್ಲಿ. ಒಮ್ಮೆ ಜಂಬ ಕೊಚ್ಚಿದೆ: "ನಿಮ್ಮ ದೇಶವೇ ಸರಿ. ಮೊದಲು ಫ್ಯಾಕ್ಟರಿ ಕಟ್ಟಿದಿರಿ, ಹೊಟ್ಟೆ ತುಂಬಿತು, ಪ್ರಜಾಪ್ರಭುತ್ವ ತಾನಾಗಿಯೇ ಬಂತು. ನಮ್ಮ ಕನ್ನಡ ಬಳಗದಲ್ಲೂ ಜಗಳವಿಲ್ಲ. ಪ್ರತಿ ವರ್ಷ ಅಧ್ಯಕ್ಷರದು ಅವಿರೋಧ ಆಯ್ಕೆ!"

ಅವಿರೋಧ ಅನ್ನುವುದನ್ನು ಕನ್ನಡದಲ್ಲೇ ಅಂದಿದ್ದೆ, ಅದರ ಅರ್ಥ ಕೇಳಿದರು. ಎದುರು ಯಾರೂ ನಿಲ್ಲುವುದಿಲ್ಲ ಅಂದೆ. ಅವರು ನಕ್ಕರು.

"ನಾನು ಚಿಕ್ಕವನಿದ್ದಾಗ ನಮ್ಮಲ್ಲೂ ಹಾಗೇ ಇತ್ತು. ನಿಲ್ಲಬೇಕು ಅಂದವರನ್ನು ಯಾರು ಹೆದರಿಸಿದರು?"

ಮೈಯೆಲ್ಲ ಉರಿಯಿತು. ಯಾಕೆಂದರೆ ಆ ವರ್ಷ ನಾಮಪತ್ರ ಹಾಕಿದವನು ನಾನೇ. ಬಳಗದ ಹಿರಿಯರು ಚಹಾಕ್ಕೆ ಕರೆದು, "ಯಾಕ್ ಬೇಕೋ ತಮ್ಮಾ, ಸುಮ್ನ ಒಡಕು," ಅಂದಿದ್ದರು. ನಾನು ಬಾಲ ಮುದುರಿಕೊಂಡು ವಾಪಸ್ ತೆಗೆದುಕೊಂಡಿದ್ದೆ. ಇದು ಇವರಿಗೆ ಹೇಗೆ ಗೊತ್ತಾಯಿತು? ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಿದ್ದಾರೋ ಏನೋ...

ಅವರು ಮಾತ್ರ ತಮ್ಮ ಅಕ್ಕನ ಕಥೆ ಹೇಳುತ್ತಿದ್ದರು. ಹೊಲಿಗೆ ಫ್ಯಾಕ್ಟರಿಯಲ್ಲಿದ್ದಳಂತೆ. ಸಂಘ ಕಟ್ಟಲು ಹೋದಾಗ ಪಕ್ಕದ ಮಿಷನ್ನಿನ ಗೆಳತಿಯೇ ಪೊಲೀಸರಿಗೆ ಅವಳ ಹೆಸರು ಹೇಳಿಬಿಟ್ಟಳಂತೆ. ಜೈಲಿನಿಂದ ಬಂದ ಅಕ್ಕ ಮತ್ತೆ ಸೂಜಿ ಹಿಡಿಯಲಿಲ್ಲವಂತೆ. "ತಾನಾಗಿ ಏನೂ ಬರಲಿಲ್ಲ," ಅಂದರು.

ವಾರದೊಳಗೆ ಮ್ಯಾನೇಜರ್ ನನ್ನನ್ನು ಕರೆದ. ಕೊರಿಯಾದವರ ಕಾಂಟ್ರಾಕ್ಟ್ ಮುಂದುವರಿಸಬೇಕೋ ಬೇಡವೋ ಅಂತ ಕಂಪನಿಯವರು ನೋಡುತ್ತಿದ್ದರು. "ನಿಮ್ಮ ಎದುರು ಮನೆಯವರು ಕೆಲಸಗಾರರ ಹತ್ತಿರ ರಾಜಕೀಯ ಮಾತಾಡ್ತಾರಾ?"

ಇಲ್ಲ ಅನ್ನಬಹುದಿತ್ತು. ನನ್ನೊಬ್ಬನ ಹತ್ತಿರ ಬಿಟ್ಟರೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆದರೆ ಒಳಗಿನ ಉರಿ ಆರಿರಲಿಲ್ಲ. "ಹೂಂ, ಸ್ವಲ್ಪ," ಅಂದೆ. ಕಾಂಟ್ರಾಕ್ಟು ಖಲಾಸ್ ಆಯಿತು.

ಹೊರಡುವ ದಿನ ಬಾಗಿಲಿಗೆ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು.

"ನನ್ನ ಬಗ್ಗೆ ನಿಮ್ಮನ್ನೂ ಕೇಳಿದರೇ?"

"ಇಲ್ಲಪ್ಪ," ಅಂದೆ.

ತಲೆಯಾಡಿಸಿದರು. ನಂಬಿದರೋ, ನಂಬಿದ ಹಾಗೆ ಮಾಡಿದರೋ... ಇವತ್ತಿಗೂ ತಿಳಿಯದು.

ಈಗ ನಾವು ಮಸ್ಕತ್ತಿನಲ್ಲಿದ್ದೇವೆ. ಅವರ ನಂಬರ್ ಫೋನಿನಲ್ಲೇ ಇತ್ತು. ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು ಅಂತ ವರ್ಷಗಳು ಹೋದವು. ಅವರು ತೀರಿಕೊಂಡರೆಂದು ಹೋದ ತಿಂಗಳು ಹಳೆಯ ಸಹೋದ್ಯೋಗಿ ಹೇಳಿದ. "ಹೌದು, ಕೇಳಿದ್ದರು," ಅಂತ ಇನ್ನು ಯಾರಿಗೆ ಹೇಳಲಿ?