ಪಾಸಾದ ಒಲೆಯ ವಾಸನೆ

ನನ್ನ ಹೊಟ್ಟೆಪಾಡು, ನನ್ನ ಸಿಟ್ಟು ಎರಡೂ ಇರುವುದು ಮೂಗಿನ ತುದಿಯಲ್ಲೇ. ಗ್ಯಾಸ್ ಒಲೆ ರಿಪೇರಿ ಮಾಡುವವನಿಗೆ ಮೂಗು ಕೆಟ್ಟರೆ ಸ್ಪ್ಯಾನರ್ ಇದ್ದೂ ಪ್ರಯೋಜನವಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುಣಿಗಲ್ ಕಡೆಯಿಂದ ಈ ತಮಿಳರ ಊರಿಗೆ ಬಂದವನು ನಾನು. ತ್ರಿಪ್ಲಿಕೇನಿನ ಮೆಸ್ಸುಗಳಲ್ಲಿ ಮಸಿ ಹಿಡಿದ ಬರ್ನರ್ ಉಜ್ಜುತ್ತ ಕಸುಬು ಕಲಿತೆ. ಈಗ ಅದೇ ಬೀದಿಯಲ್ಲಿ ನನ್ನದೇ ಅಂಗಡಿ ಇದೆ. ಯಾರ ದಾಕ್ಷಿಣ್ಯವೂ ಇಲ್ಲ.

ಹಾಗಂತ ನಾನು ಕಾಯ್ದೆ ಕಾನೂನಿನ ವಿರೋಧಿ ಅಂದುಕೊಳ್ಳಬೇಡಿ. ಐಎಸ್‌ಐ ಗುರುತಿಲ್ಲದ ಒಲೆಯನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಎಲ್ಲೋ ಕೂತ ಯಾರೋ ಪುಣ್ಯಾತ್ಮರು ಈ ನಾಬನ್ನು ಎಷ್ಟು ಸಲ ತಿರುಗಿಸಿದರೂ ಸೋರಬಾರದು, ಉರಿ ಹೀಗೇ ನೀಲಿಯಾಗಿರಬೇಕು ಎಂದು ತಲೆ ಕೆಡಿಸಿಕೊಂಡಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ. ಅಷ್ಟೇಕೆ, ಗ್ಯಾಸಿಗೆ ಸ್ವಂತದ್ದೊಂದು ವಾಸನೆ ಅಂತಲೇ ಇಲ್ಲ. ಸೋರಿದರೆ ಗೊತ್ತಾಗಲೆಂದು ಆ ಕೊಳೆತ ವಾಸನೆಯನ್ನು ಬೇಕೆಂದೇ ಬೆರೆಸುತ್ತಾರೆ. ಸರ್ಕಾರವೇ ಹಟ ಹಿಡಿದು ನಾರಿಸುವ ಒಳ್ಳೆಯ ಕೆಲಸ ಜಗತ್ತಿನಲ್ಲಿ ಇದೊಂದೇ ಇರಬೇಕು.

ನನ್ನ ಸಿಟ್ಟೆಲ್ಲ ನೋಡದೆಯೇ ಪಾಸ್ ಮಾಡುವವರ ಮೇಲೆ. ನನ್ನನ್ನು ಫೇಲ್ ಮಾಡಿದ ಮೇಷ್ಟರು ಕೂಡ ಉತ್ತರ ಪತ್ರಿಕೆಯನ್ನು ಬಿಚ್ಚಿ ನೋಡಿದ್ದರು.

ಮೊನ್ನೆ ನುಂಗಂಬಾಕ್ಕಂನ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಹಾಸನದಿಂದ ಬಂದು ಆರು ತಿಂಗಳಾಗಿರುವ ಸಂಸಾರ; ಗಂಡ ಬ್ಯಾಂಕ್ ಆಫೀಸರು. "ಉರಿ ಕೆಂಪಗೆ ಬರ್ತಿದೆ ಅಣ್ಣ" ಎಂದು ಅವರ ಹೆಂಡತಿ ಶೈಲಜಾ ಫೋನ್ ಮಾಡಿದ್ದರು. ಬಾಗಿಲು ತೆರೆದ ಕೂಡಲೇ ನನ್ನ ಮೂಗು ನೆಟ್ಟಗಾಯಿತು. ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆಗೆಸಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಹೇಳಿ, ಪೈಪಿಗೆ ಸೋಪಿನ ನೊರೆ ಹಚ್ಚಿದೆ. ರೆಗ್ಯುಲೇಟರ್ ಹತ್ತಿರ ಗುಳ್ಳೆ ಬುಳುಬುಳು ಎದ್ದಿತು. ಪೈಪು ಬಿರಿದಿತ್ತು. ತಕ್ಷಣ ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿಗೆ ಮುಚ್ಚಳ ಹಾಕಿ, ಬಾಲ್ಕನಿಗೆ ಸಾಗಿಸಿದೆ. ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಅಡುಗೆಮನೆಯ ಬಾಗಿಲಾಚೆ, ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ, ಅವರ ಎರಡು ವರ್ಷದ ಮಗು ಮಲಗಿತ್ತು.

ಆ ತಾಯಿ ಮಗುವನ್ನು ಬಾಚಿಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತರು. "ಅಲ್ಲಣ್ಣ, ಹೋದ ವಾರ ತಾನೇ ಏಜೆನ್ಸಿಯವ್ರು ಬಂದು ಚೆಕ್ ಮಾಡಿ ಪಾಸ್ ಅಂತ ಬರ್ದು ಹೋದ್ರು! ನಾನು ಅವ್ರಿಗೆ ತಮಿಳಲ್ಲೇ ಹೇಳ್ದೆ, ಸಾರ್, ವಾಸನೈ ವರುದು ಅಂತ."

"ಅದಕ್ಕೇನಂದ?"

"'ಆಮಾ ಮೇಡಂ, ಸೂಪರ್ ವಾಸನೈ! ರಸಮಾ?' ಅಂದ್ರು. ಸಾರು ಕುದೀತಿತ್ತು. ನಾನೂ ಹೂಂ ಅಂದುಬಿಟ್ಟೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ವಾಸನೆ ಎಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ತಮಿಳರಿಗೆ ಅದು ಮಲ್ಲಿಗೆಯದು, ತುಪ್ಪದ್ದು. ಕೆಟ್ಟದ್ದಕ್ಕೆ ಅವರು ನಾತ್ತಂ ಅನ್ನುತ್ತಾರೆ. ನಾತ ನಮ್ಮಲ್ಲೂ ಇದೆ. ಆದರೆ ಮರ್ಯಾದಸ್ಥ ಹೆಣ್ಣುಮಗಳು ತನ್ನದೇ ಅಡುಗೆಮನೆಯಲ್ಲಿ ನಿಂತು, ಹೊರಗಿನವರ ಎದುರು ನಾತ ಅನ್ನುತ್ತಾಳೆಯೇ? ಒಂದಿಷ್ಟು ಒರಟಾಗಿದ್ದಿದ್ದರೆ ಬಚಾವಾಗುತ್ತಿದ್ದರು. ಇರಲಿ, ಆಕೆಯ ತಮಿಳು ತಪ್ಪಿತು, ಅವನ ಮೂಗಿಗೇನಾಗಿತ್ತು? ಇಂಗಿನ ಒಗ್ಗರಣೆಯಲ್ಲಿ ಮೂಗೂ ಮೋಸ ಹೋಯಿತು ಅನ್ನಿ. ಒಂದು ಹನಿ ನೊರೆ ಹಚ್ಚಲು ಯಾವ ಭಾಷೆ ಬೇಕು?

ಅಷ್ಟರಲ್ಲಿ ಗಂಡ ಒಳಗಿನಿಂದ ಕಾಗದ ತಂದರು. "ನೋಡ್ರೀ, ಸೋರಿಕೆ ಇಲ್ಲ ಅಂತ ಬರೆದಿದೆ. ನಿಮ್ಮತ್ರ ಏನಾದ್ರೂ ಸರ್ಟಿಫಿಕೇಟ್ ಇದೆಯಾ?"

"ಇಲ್ಲ ಸಾರ್, ಮೂಗಿದೆ. ನಿಮಗೂ ಇದೆ."

ಕಾಗದ ಇಸಿದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. 'ನನ್ನ ಎದುರಿನಲ್ಲೇ ಪರೀಕ್ಷೆ ನಡೆಯಿತು' ಎಂದಿತ್ತು. ಕೆಳಗೆ ಅಂದವಾದ ಸಹಿ.

"ಇದು ನಿಮ್ದೇ ಸೈನಾ ಸಾರ್?"

"ಹೌದು. ಅವತ್ತು ಆಫೀಸಿಗೆ ಹೊತ್ತಾಗಿತ್ತು, ಬಾಗಿಲಲ್ಲೇ ಹಾಕಿ ಹೋದೆ."

"ಬ್ಯಾಂಕಲ್ಲೂ ಜನದ ಹತ್ರ ಹೀಗೇ ಸೈನ್ ಹಾಕಿಸ್ಕೊಳ್ತೀರಾ?"

ನಾನು ಸ್ವಲ್ಪ ಹೆಚ್ಚೇ ಆಡಿದೆ, ಒಪ್ಪುತ್ತೇನೆ. ಆದರೆ ಪದವಿ ಮೇಲೆ ಪದವಿ ಮಾಡಿದವರು ನಾಲ್ಕು ಸಾಲು ಓದದೆ ಸಹಿ ಹಾಕುತ್ತಾರಲ್ಲ, ಅದನ್ನು ಕಂಡರೆ ಓದು ಬಿಟ್ಟವನಿಗೆ ಉರಿಯದೆ ಇರುತ್ತದೆಯೇ?

ಹೊಸ ಪೈಪನ್ನು ನಾನೇ ಹಾಕಬಹುದಿತ್ತು. ಹಾಕಲಿಲ್ಲ. ಪಾಸ್ ಬರೆದವನೇ ಬಂದು ಹಾಕಲಿ, ಇವರ ಎದುರಿಗೇ ನೊರೆ ಹಚ್ಚಿ ತೋರಿಸಲಿ, ಆಮೇಲೆ ಬರೆಯಲಿ ಎಂದೆ. ಏಜೆನ್ಸಿಗೆ ಫೋನ್ ಮಾಡಿಸಿದ್ದಾಯಿತು. ಸಂಜೆ ಬರುತ್ತೇವೆ ಅಂದರು.

ಆಫೀಸರಿಗೆ ಮುಜುಗರ. ನನ್ನನ್ನು ಸಮಾಧಾನ ಮಾಡಲು ನೋಡಿದರು. "ಸಂಜೆವರೆಗೂ ಇನ್ನೂ ಎಷ್ಟು ಹೊತ್ತಿದೆ. ಐದೇ ನಿಮಿಷ ಅದೇ ಪೈಪಲ್ಲಿ ಹಚ್ಚಿದ್ರೆ ಏನಾಗುತ್ತೆ? ಒಂದು ಕಾಫಿಗೆ ಮಾತ್ರ. ನೀವೂ ಕುಡ್ಕೊಂಡು ಹೋಗಿ."

ನಾನು ಬಾಯಿ ತೆಗೆಯುವ ಮೊದಲೇ ಮೆಟ್ಟಿಲ ಕಡೆಯಿಂದ ಶೈಲಜಾ ಗದರಿದರು. "ಮುಟ್ಟಿದ್ರೆ ನೋಡಿ ಮತ್ತೆ! ನಿಮಗೂ ಕಾಫಿ ಇಲ್ಲ, ಅಣ್ಣಂಗೂ ಇಲ್ಲ!"

ನಮ್ಮವರ ಮನೆಗೆ ಹೋಗಿ ಒಂದು ಲೋಟ ಕಾಫಿಯೂ ಇಲ್ಲದೆ ಮೆಟ್ಟಿಲಿಳಿದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಬೀದಿಯುದ್ದಕ್ಕೂ ಗೊಣಗುತ್ತಿದ್ದೆ. ಏಜೆನ್ಸಿಯವನ ಮೇಲಿನ ಸಿಟ್ಟು ಅವತ್ತೂ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಆದರೆ ಆ ಮಗುವಿನ ಚಿಂತೆ ಮಾತ್ರ ಬಿಟ್ಟೆ. ಮನೆಗೆ ಬಂದವನ ಒಂದು ಲೋಟ ಕಾಫಿಗೂ ರಿಯಾಯಿತಿ ಕೊಡದವರು ಆ ಒಲೆಯ ಮುಂದೆ ಇದ್ದಾರೆ.